ಪೈಪಿನ ದೂರ

ಪೆನ್ಸಿಲ್ವೇನಿಯಾದ ಈ ಕೌಂಟಿಯಲ್ಲಿ ಉಳಿಸುವ ಹಣ
ಒಂದೇ ಹೊಲಕ್ಕಾಗುವಷ್ಟು; ಅರ್ಜಿ ಹನ್ನೊಂದು.
ಮಣ್ಣಿಗೆ ನಲವತ್ತು ಅಂಕ, ಇಳಿಜಾರಿಗೆ ಹತ್ತು,
ಒಳಚರಂಡಿಯ ಪೈಪು ಹತ್ತಿರ ಬಂದಷ್ಟೂ
ಅಪಾಯವೆಂದು ಅಂಕ ಏರುತ್ತದೆ;
ಬೇಲಿ ಮುಟ್ಟಿತೋ, ಆಸೆ ಬಿಡಿ ಎಂದು ಸೊನ್ನೆ.

ಆರ್ಫಾ ವೈಡ್ನರಳ ಹೊಲ ಹೋದ ವರ್ಷ ಎರಡನೆಯದು.
ಹೊಲ ಕದಲಲಿಲ್ಲ. ಪೈಪು ಕದಲಿತು.

ಮಾರ್ಚಿನ ಕೆಸರಲ್ಲಿ ನಾವು ಐವರು ನಿಂತೆವು.
ಮಣ್ಣು ಬಲ್ಲ ಲೀಮನ್ ಒಂದು ಹಿಡಿ ಉಂಡೆ ಕಟ್ಟಿ,
ಹೆಬ್ಬೆರಳಲ್ಲಿ ರಿಬ್ಬನ್ನಿನಂತೆ ಎಳೆದು ನೋಡಿ
ಏನೂ ಹೇಳದೆ ಕೋಟಿನ ಜೇಬಿಗೆ ಹಾಕಿಕೊಂಡ.
ಆಚೆ, ಗೋದಾಮಿನ ಬಿಳಿ ಗೋಡೆಗೆ
ಬೆನ್ನು ಕೊಟ್ಟು ಹಾಲು ಕುಡಿಯುವ ಕರುಗಳು, ಲಾರಿಗಳು.

ನಾನು ಕೈಯೆತ್ತಿದ್ದು ಡಂಕಲ್‌ಬರ್ಗರನ ಹೊಲಕ್ಕೆ,
ಎಂಬತ್ತೊಂದು ಅಂಕ. ಲೆಕ್ಕ ಸರಿಯಾಗಿಯೇ ಇತ್ತು.

ಪತ್ರ ಸಾಲದೆಂದು ಸುದ್ದಿ ಹೇಳಲು ನಾನೇ ಹೋದೆ.
ಆಕೆ ಫೋನಿನಲ್ಲಿದ್ದಳು. ಕೂರು ಎಂದು ಕೈಸನ್ನೆ.
ಸುಣ್ಣದ ಪುಡಿ ತರಿಸುತ್ತಿದ್ದಳು, ಮೂವತ್ತು ಟನ್ನು;
ಮಣ್ಣಿನ ಹುಳಿ ಮುರಿಯಲು ಅದಕ್ಕೆ
ಮೂರು ವರ್ಷ ಬೇಕು.
“ಇಲ್ಲ, ಇಲ್ಲ,” ಅಂದಳು ಫೋನಿಗೆ, “ಅರ್ಧ ಸಾಲದು.
ಪೈಪಿನ ಮಗ್ಗುಲಿಗೂ ಬೇಕು.”