ಕವರು ಒಂದು, ತಟ್ಟೆ ಇನ್ನೊಂದು

ಓ.ಟಿ. ರಸ್ತೆಯ ಗುಜರಿಯಿಂದ ಮುಕ್ತಿಯಾರ್
ತಂದಿಳಿಸಿದ ಟ್ರಂಕು. ಒಳಗೆ ಇಪ್ಪತ್ಮೂರು ತಟ್ಟೆ,
ಮೋಟರು ಸುಟ್ಟ ಪ್ಲೇಯರು.
ಭದ್ರಾವತಿಯ ಕ್ವಾರ್ಟರ್ಸು ಖಾಲಿ ಮಾಡಿದ
ಯಾರೋ ಸಾಹೇಬರದಂತೆ.
"ಸುತ್ತಿಕೋ ಗುತ್ಯಮ್ಮ, ನೀನೇ ಇಟ್ಟುಕೋ,
ನಮ್ಮನೆ ಮಿಕ್ಸಿಯ ಬಾಕಿಗೆ ಸಮ."

ನಾನು ಮಿಕ್ಸಿ ರಿಪೇರಿಯವಳು.
ಗೋಪಿ ಸರ್ಕಲ್ಲಿನ ಹಿಂದೆ ಆರಡಿ ಅಗಲದ ಅಂಗಡಿ.
ಸ್ವಿಚ್ಚು ಒತ್ತಿದರೆ ಸಾಕು, ಕಿವಿ ಹೇಳುತ್ತದೆ:
ಇದು ಬುಷ್ಷು, ಇದು ಕಾರ್ಬನ್ನು,
ಇದು ಒಳಗೆ ಸೇರಿಕೊಂಡ ಜಿರಲೆ.

ಮೊದಲ ತಟ್ಟೆ ತಿರುಗಿದಾಗ ಕಿವಿ ಅಂದಿತು:
ಬೇರಿಂಗ್ ಹೋಗಿದೆ.
ಸ್ಯಾಕ್ಸಫೋನು ಬಿಸಿ ಎಣ್ಣೆಗೆ ಬಿದ್ದ ಸಾಸಿವೆ,
ಡ್ರಮ್ಮು, ಬಾಸು, ಪಿಯಾನೊ,
ಒಂದೇ ವಠಾರದಲ್ಲಿ ನಾಲ್ಕು ಮನೆಯ ಜಗಳ.
ಸೂಜಿ ಎತ್ತಿದೆ. ತಟ್ಟೆ ಒರೆಸಿದೆ. ಬೆಲ್ಟು ಬಿಗಿಸಿದೆ.
ಮತ್ತೆ ಇಟ್ಟೆ. ಅದೇ ಜಗಳ.

ಸಂಜೆ ಬ್ಯಾಂಡ್‌ಸೆಟ್ಟಿನ ಇನಾಸ್ ಮೇಸ್ತ್ರಿ ಬಂದ,
ಕ್ಲಾರಿನೆಟ್ಟಿನ ಕೀಲಿಗೆ ಮೆಷಿನ್ ಎಣ್ಣೆ ಬಿಡಿಸಲು.
ಬಾಗಿಲಲ್ಲೇ ನಿಂತ. ಚಪ್ಪಲಿ ಬಿಟ್ಟ.
"ಜಾಸ್ ಕಣೇ ಇದು. ನಮ್ಮಪ್ಪ ಹೇಳ್ತಿದ್ದ."
ಸ್ಕ್ರೂಡ್ರೈವರಿನಿಂದ ಮೇಜು ಕುಟ್ಟುತ್ತ ಎಣಿಸಿದ:
"ಒಂದು ಎರಡು ಮೂರು ನಾಲ್ಕು ಐದು. ಹಾಂ, ಐದು!
ನಾಲ್ಕಕ್ಕೆ ಮುಗೀತು ಅಂತ ನೀನು ಕದ ಹಾಕಿಕೊಂಡರೆ
ಐದನೆಯವನು ಹೊರಗೇ ನಿಲ್ತಾನೆ."

ಹಾಗೆ ಶುರು. ದಿನಕ್ಕೊಂದು ತಟ್ಟೆ,
ಶಟರು ಅರ್ಧ ಎಳೆದ ಮೇಲೆ.
ಒಂದರ ಕವರಿನಲ್ಲಿ ನೀಲಿ ಬಿಟ್ಟರೆ ಏನೂ ಇಲ್ಲ.
ಒಳಗಿನ ಟ್ರಂಪೆಟ್ಟು ಹೇಳಬೇಕಾದ್ದರಲ್ಲಿ ಅರ್ಧ ಹೇಳಿ
ಸುಮ್ಮನಾಗುತ್ತಿತ್ತು.
ಏಪ್ರಿಲ್ಲು; ತುಂಗೆ ತೆಳ್ಳಗೆ ಹರಿಯುವ ತಿಂಗಳು.
ನೀರಿಳಿದಾಗಲೇ ತಾನೆ
ಹೊಳೆಯಲ್ಲಿ ಬಂಡೆ ಎಷ್ಟು ಅಂತ ತಿಳಿಯುವುದು.

ಇನ್ನೊಂದರ ಪಿಯಾನೊ, ಬೀಳುತ್ತೇನೆ ಬೀಳುತ್ತೇನೆ ಅಂತ
ಹೆದರಿಸಿ ಮನೆ ಸೇರಿದ ಕುಡುಕ.
ಮೂರು ತಟ್ಟೆ ಇವತ್ತಿಗೂ ನನ್ನ ತಲೆಗೆ ಹತ್ತಿಲ್ಲ.
ಇನಾಸನಿಗೂ.
ಹತ್ತಿದೆ ಅಂತ ಅವನು ಸುಳ್ಳು ಹೇಳುತ್ತಾನೆ.

ಕೊನೆಗೆ ಸಿಕ್ಕಳು ಅವಳು.
ಕವರಿನ ಮೇಲೆ ಗಡ್ಡದ ಗಂಡಸು, ಕೈಯಲ್ಲಿ ಟ್ರಂಬೋನು;
ಒಳಗೆ ಹೆಂಗಸಿನ ದನಿ. ಯಾರೋ ಅವಸರಕ್ಕೆ ತುರುಕಿದ್ದು.
ನಡುವಿನ ಚೀಟಿ ಹುಳು ತಿಂದು
ಹೆಸರಿದ್ದಲ್ಲಿ ಬರೀ ಗೋಣಿಬಣ್ಣ.
ಹಿಂದೆ ಪಿಟೀಲುಗಳ ದಂಡು, ಕೆನೆ ಕಟ್ಟಿದ ಹಾಲು.
ಅವಳು ಮಾತ್ರ ತಾಳಕ್ಕಿಂತ ಒಂದು ಉಸಿರು ತಡ,
ಬಸ್ಸು ಹೊರಟಿದ್ದು ಕಂಡೂ ಓಡದವಳ ಹಾಗೆ
ನಡೆದು ಬರುವಳು.
ಬಸ್ಸೇ ನಿಲ್ಲುತ್ತಿತ್ತು.

ನನ್ನ ಇಂಗ್ಲಿಷು ವೋಲ್ಟು, ವ್ಯಾಟು, ಮೇಡ್ ಇನ್ ತನಕ.
ಯಾರನ್ನು ಕರೆದಳೋ, ಯಾರನ್ನು ಕಳಿಸಿದಳೋ.
ಟ್ರಂಕು ಬೋರಲು ಹಾಕಿ ಅವಳ ಕವರು ಹುಡುಕಿದೆವು.
ಸಿಗಲಿಲ್ಲ. ಇನಾಸ್ ಹಳೇ ಕ್ಯಾಲೆಂಡರಿನ ರಟ್ಟು
ಕತ್ತರಿಸಿ ಅಂಟಿಸಿದ. ಹೆಸರು ಬರಿ ಅಂತ ಪೆನ್ನು ಕೊಟ್ಟ.
ಕೈಗೆ ರೂಢಿಯಾದದ್ದನ್ನೇ ಬರೆದೆ:
ಚೆಕ್ ಮಾಡಿದೆ. ದೋಷವಿಲ್ಲ.

ಮೇ ತಿಂಗಳಲ್ಲಿ ಒಂದು ದಿಬ್ಬಣ
ದುರ್ಗಿಗುಡಿ ದಾಟಿ ನಮ್ಮ ಓಣಿಗೆ ತಿರುಗಿತು.
ಎಲ್ಲರ ತುಟಿಯಲ್ಲೂ ಇರುವ ಹಳೇ ಸಿನಿಮಾ ಹಾಡು.
ಪಲ್ಲವಿ ಮುಗಿಯುವಲ್ಲಿ ಇನಾಸ್
ಒಂದು ಸ್ವರ ಹಿಡಿದ. ಬಿಡಲಿಲ್ಲ.
ಡ್ರಮ್ಮಿನ ಹುಡುಗ ತಿರುಗಿ ನೋಡಿದ.
ಕುಣಿಯುವವರ ಕಾಲು ಗಾಳಿಯಲ್ಲೇ ಉಳಿದವು.
ಆಮೇಲೆ, ಬಸ್ಸು ಹೊರಟರೆ ಹೊರಡಲಿ ಎಂಬಂತೆ,
ಸಾವಕಾಶ ಇಳಿದ.

ವರನ ಸೋದರಮಾವ ಇನ್ನೂರು ಮುರಿದುಕೊಂಡು ಕೊಟ್ಟ:
"ನಿನ್ನ ಪೀಪಿ ಕೆಟ್ಟಿದೆ, ರಿಪೇರಿ ಮಾಡಿಸು."

ಮರುದಿನ ಕ್ಲಾರಿನೆಟ್ಟು ನನ್ನ ಮೇಜಿನ ಮೇಲಿತ್ತು.
ಊದಿಸಿ ಕೇಳಿದೆ. ಇನ್ನೊಮ್ಮೆ ಊದು ಅಂದೆ.
ಚೀಟಿ ಬರೆದು ಕೊರಳಿಗೆ ಕಟ್ಟಿದೆ.
ಎಣ್ಣೆಗೆ ಹತ್ತು ರೂಪಾಯಿ ಅಂದರೆ
ಕೊಡಲಿಲ್ಲ ಪುಣ್ಯಾತ್ಮ.