ತಿದ್ದುಪಡಿ

ಪ್ರತಿ ತಿಂಗಳ ಕೊನೆಯ ಗುರುವಾರ
ಶಾಲೆಯ ಸುದ್ದಿಹಾಳೆ ನನ್ನ ಕೈಯಿಂದ ಹೊರಡುತ್ತದೆ.
ಒಂದೇ ಹಾಳೆ, ಎರಡು ಮಗ್ಗುಲು, ಇನ್ನೂರ ಹತ್ತು ಪ್ರತಿ.
ಕರೆಂಟಿದ್ದರೆ ಯಂತ್ರದಲ್ಲಿ,
ಇಲ್ಲದಿದ್ದರೆ ಮಿಷನರಿಗಳು ಬಿಟ್ಟುಹೋದ ಕೈರೋಲರಿನಲ್ಲಿ,
ಆಗ ಶುಕ್ರವಾರದ ಪ್ರಾರ್ಥನೆಗೆ
ನನ್ನ ಬೆರಳಿನ ಶಾಯಿಯೂ ಹಾಜರು.

ಆಗಸ್ಟಿನ ಹಾಳೆಯಲ್ಲಿ ಇಷ್ಟಿತ್ತು:
ಗಣಿತದಲ್ಲಿ ರೆಫಿಲ್ವೆ ಜಿಲ್ಲೆಗೆ ಮೂರನೆಯವಳು.
ಗಾಯನತಂಡ ಮಸೇರುವಿಗೆ ಹೋಗಿ ಬಂತು.
ಬಸ್ಸು ಹಿಮದಲ್ಲಿ ಹೂತು ಕಣಿವೆಯಲ್ಲೇ ಒಂದು ರಾತ್ರಿ;
ಸ್ಪರ್ಧೆಗಿಂತ ಆ ರಾತ್ರಿಯೇ ಚೆನ್ನಾಗಿ ಹಾಡಿದರು
ಎಂಬ ಸಾಲನ್ನು ಹೆಡ್‌ಮಾಸ್ಟರ್ ಹೊಡೆದುಹಾಕಿದರು.
ನ್ಯಾಕಲ್ಲೊ ಸಾಕಿದ ಟಗರಿನ ಉಣ್ಣೆಗೆ
ಕೃಷಿ ಪ್ರದರ್ಶನದ ನೀಲಿ ಪಟ್ಟಿ.
ಗುಡ್ಡಗಾಡು ಓಟ, ಹನ್ನೆರಡು ಕಿಲೋಮೀಟರು, ಪ್ರಥಮ:
ಕಟ್ಲೆಹೊ ಸೆಖೋಟೊ.

ತಪ್ಪಾದದ್ದು ಅಲ್ಲಿ.
ಓಡಿದವನು ಕಟ್ಲೆಹೊ ರಮಾಯ್ಲಿ.

ಒಂದೇ ತರಗತಿ, ಒಂದೇ ಹೆಸರು.
ನಮ್ಮ ಬೆಟ್ಟಸೀಮೆಯ ಮಾತಿನಲ್ಲಿ ಅದಕ್ಕೆ ಗೆಲುವು ಎಂದರ್ಥ.
ಹೆಸರಿಡುವಾಗ ಹೆತ್ತವರದು ಧಾರಾಳ ಕೈ,
ಹೊರುವವರು ಮಕ್ಕಳು.
ರಮಾಯ್ಲಿ ನಕ್ಕರೆ ಅಂಗಳದಾಚೆಗೂ ಕೇಳುತ್ತದೆ.
ಸೆಖೋಟೊ ಕುರುಬರ ರಾತ್ರಿಶಾಲೆಯಿಂದ
ಮೀಸೆ ಮೂಡಿದ ಮೇಲೆ ನಮ್ಮಲ್ಲಿಗೆ ಬಂದವನು;
ಅಲ್ಲಿಯವರೆಗೆ ಯಾರದೋ ದನ, ಯಾರದೋ ಗುಡ್ಡ.
ಪುಟ ಓದು ಎಂದರೆ
ಒದ್ದೆ ಹಗ್ಗದ ಗಂಟು ಬಿಚ್ಚಿದ ಹಾಗೆ, ಒಂದು, ಇನ್ನೊಂದು.
ಹಿಂದಿನ ಬೆಂಚಿನವರಿಗೆ ಅಷ್ಟು ತಾಳ್ಮೆ ಎಲ್ಲಿದ್ದೀತು.

ಸೋಮವಾರ ಕಚೇರಿಯ ಬಾಗಿಲಲ್ಲಿ ಇಬ್ಬರೂ.
"ಪದಕ ಹೇಗೂ ನನ್ನ ಹತ್ತಿರವಿದೆ, ಬಿಡಿ" ಎಂದ ರಮಾಯ್ಲಿ.
ಕಣ್ಣು ಮಾತ್ರ ನನ್ನ ಕೀಲಿಮಣೆಯ ಮೇಲೆ.
ಬಿಟ್ಟಿರಲಿಲ್ಲ ಅವನು. ಯಾಕಾದರೂ ಬಿಡಬೇಕು?

ಸೆಖೋಟೊ ಕಂಬಳಿಯ ಪಿನ್ನು ತಿರುವುತ್ತ ನಿಂತಿದ್ದ.
ಹಾಳೆ ಅವನಿಗಿಂತ ಮೊದಲೇ ಊರು ಸೇರಿತ್ತಂತೆ.
ಅಂಗಡಿಯವನು ಕೂಗಿ ಓದಿದ,
ನೆರೆಯ ಹೆಂಗಸರು ನಾಲಗೆ ಹೊರಳಿಸಿ ಉಲಿದರು,
ಅಜ್ಜಿ ಮೊಟ್ಟೆಯಿಡುವ ಕೋಳಿಯನ್ನೇ ಕೊಯ್ದಳು.

"ತಿಂದೆಯಾ?" ಎಂದೆ.
"ತಿಂದೆ, ಅಮ್ಮಾ. ಎರಡೂ ತೊಡೆ ನನಗೇ ಹಾಕಿದಳು,
ಓಡಿದ ಕಾಲಿಗೆ ಅಂತ."
ರಮಾಯ್ಲಿ ತಡೆದ, ತಡೆದ, ಆಮೇಲೆ ಆಗಲಿಲ್ಲ.
ಆ ನಗುವಿಗೆ ಸೆಖೋಟೊನೂ ಬಿದ್ದ.
ಪಕ್ಕದ ಕೋಣೆಯಲ್ಲಿ ಹೆಡ್‌ಮಾಸ್ಟರ್ ಕೆಮ್ಮಿದರು.

ಊಟವಾದ ಮೇಲೆ ಅವನೇ ಹಾಳೆ ಬಿಡಿಸಿದನಂತೆ.
ಅಜ್ಜಿಗೆ ಅಕ್ಷರ ಬಾರದು.
ಮೇಲಿನ ದಿನಾಂಕದಿಂದ ಕೆಳಗಿನ ಶುಲ್ಕದ ಗಡುವಿನ ತನಕ
ಓದಿದ, ಎಲ್ಲೂ ಎಡವದೆ,
ತನ್ನ ಹೆಸರು ಬಂದಲ್ಲಿ ಮಾತ್ರ ನಿಂತು
"ಇದು ನಾನಲ್ಲ, ಇನ್ನೊಬ್ಬ" ಎಂದ.

ಅವಳು ಒಲೆಗೆ ಬೆರಣಿ ಒಡ್ಡಿದಳು.
ಮೂಳೆಗಳನ್ನು ನಾಯಿಗೆಂದು ಒಂದು ಕಡೆ ಗೂಡಿಸಿದಳು.
"ಓಡಿದವನು ಅವನೇ ಆಗಲಿ.
ಈಗ ಓದಿದವನು ಯಾರು?" ಎಂದಳು.
"ಇನ್ನೊಮ್ಮೆ ಹೇಳು, ಆ ಟಗರಿನ ಸುದ್ದಿ."

ಸೆಪ್ಟೆಂಬರಿನ ಹಾಳೆ ಈಗ ನನ್ನ ಮುಂದಿದೆ.
ಹೊರಗೆ ಪೀಚ್ ಮರಗಳು ಎಲೆಗೆ ಕಾಯದೆ ಹೂಬಿಟ್ಟಿವೆ.
ತಿದ್ದುಪಡಿ ಮೊದಲ ಸಾಲಿನಲ್ಲೇ, ರಮಾಯ್ಲಿಯ ಹೆಸರು ದಪ್ಪಕ್ಷರದಲ್ಲಿ.
ಅದರ ಕೆಳಗೆ ಎರಡು ಸಾಲಿನ ಜಾಗ ಉಳಿಸಿಕೊಂಡಿದ್ದೇನೆ.
ಸ್ಪರ್ಧೆ ಯಾವುದು, ತೀರ್ಪುಗಾರರು ಯಾರು
ಎಂದು ಹೆಡ್‌ಮಾಸ್ಟರ್ ಕೇಳಿಯೇ ಕೇಳುತ್ತಾರೆ.
ಕೋಳಿಯ ಲೆಕ್ಕ ಯಾವ ಕಾಲಮ್ಮಿಗೆ ಎಂದೂ ಕೇಳಬಹುದು.

ಸೆಖೋಟೊ ಏನನ್ನೂ ಬೇಡಲಿಲ್ಲ.
ಹೋಗುವಾಗ ಹೊಸ್ತಿಲಲ್ಲಿ ತಿರುಗಿ, ಇಷ್ಟೇ:
"ಅಕ್ಷರ ಸ್ವಲ್ಪ ದೊಡ್ಡದಿರಲಿ, ಅಮ್ಮಾ.
ನಮ್ಮ ಮನೆಯ ದೀಪ ಮಂಕು,
ಅವಳು ಎರಡೆರಡು ಸಲ ಓದಿಸುತ್ತಾಳೆ."