ರೆಕ್ಕೆಗೊಂದು ಕಿಟಕಿ

ಉಪ್ಪಳದ ಪೇಟೆಯಲ್ಲಿ ರವಕೆ ಹೊಲಿಯುವವಳು ನಾನು.
ವಿಮಾನ ನನ್ನ ಕಸುಬಲ್ಲ.
ಮೀನುದೋಣಿಗೆ ಫೈಬರ್ ಮೆತ್ತುವ ಕುಂಞಾಮು
ಒಂದು ಸಂಜೆ ಅಂಗಡಿಗೆ ಬಂದು ಟೇಪು ಕೇಳಿದ.
ಯಾರ ಅಳತೆ, ಅಂದೆ.
"ರೆಕ್ಕೆಯದ್ದು ವಾರಿಜಕ್ಕ. ಹದಿನಾಲ್ಕು ಅಡಿ. ಎರಡುಂಟು."

ಅವನ ಶೆಡ್ಡಿನಲ್ಲಿ, ದೋಣಿಗಳ ನಡುವೆ,
ಪಕ್ಕೆಲುಬು ತೋರಿಸಿಕೊಂಡು ಮಲಗಿತ್ತು ಅದು.
ಈಶ್ವರಾಚಾರಿ ಸೀಳಿದ ಪಟ್ಟಿಗಳು
ನನ್ನ ಉಗುರಿಗಿಂತ ಅಗಲವಿಲ್ಲ.
ಬಾಣಂತಿ ಮನೆಯಲ್ಲಿ ಮಗು ಎತ್ತಿಕೊಳ್ಳಿ ಎಂದಾಗ
ಹೆದರುತ್ತೇವಲ್ಲ, ಹಾಗೆ ಕೈ ಹಿಂದೆ ಕಟ್ಟಿ ನಿಂತೆ.

ಬಟ್ಟೆ ಹಚ್ಚಿ ಇಸ್ತ್ರಿ ಇಟ್ಟರೆ ಅದು ಸೆಟೆಯಬೇಕು.
ಇಸ್ತ್ರಿಯ ಪಾಠ ನನಗೆ ಯಾರು ಹೇಳಬೇಕು?
ಬಾಲದ ಚುಕ್ಕಾಣಿಯ ಮೇಲೆ ಉಜ್ಜಿದೆ, ಉಜ್ಜಿದೆ,
ಬಟ್ಟೆ ಬಿಗಿದು ಬಿಗಿದು
ಆಚಾರಿಯ ಮರವನ್ನೇ ಬಿಲ್ಲು ಮಾಡಿತು.
ಆಚಾರಿ ಏನೂ ಹೇಳದೆ ಬೀಡಿ ಹಚ್ಚಲು ಹೊರಗೆ ಹೋದ.
ಮರುದಿನ ಇಸ್ತ್ರಿಗೆ ಥರ್ಮಾಮೀಟರು ಕಟ್ಟಿಕೊಂಡೆ,
ಇಪ್ಪತ್ತೆರಡು ವರ್ಷ ಪಳಗಿದ ಕೈ.

ರೆಕ್ಕೆ ನಿಲ್ಲಿಸಿ ಆಚೆ ಅವನು, ಈಚೆ ನಾನು.
ಗೋಣಿಯ ದಬ್ಬಣ ನನ್ನ ಕಡೆಯಿಂದ ಹೋಗುತ್ತದೆ,
ಅವನ ಕಡೆಯಿಂದ ಬರುತ್ತದೆ.
ಮುಖ ಕಾಣುವುದಿಲ್ಲ. ಎರಡೂವರೆ ಇಂಚಿಗೊಂದು ಗಂಟು.
ಅವನಿಗೆ ಚುಚ್ಚಿದ್ದು "ಉಮ್ಮಾ" ಎಂದಾಗ ತಿಳಿಯುತ್ತಿತ್ತು.
ನನಗೆ ಬೆರಳಟೋಪಿ ಇತ್ತು.
ನಾನೂರ ಹನ್ನೊಂದು ಗಂಟು. ಎಣಿಸಿದ್ದೇನೆ.

ಆಮೇಲೆ ಆಸೆ ಹತ್ತಿತು.
ಕುಂಞಾಮುವಿಗೆ ದೊಡ್ಡ ಟ್ಯಾಂಕಿ,
ಆಚಾರಿಗೆ ಬಾಲಕ್ಕೊಂದು ಹಲಸಿನ ಆಧಾರ,
ನನಗೆ ಸೀಟಿಗೆ ಹತ್ತಿಮೆತ್ತೆ, ಅಂಚಿಗೆ ಕೆಂಪು ಪೈಪಿಂಗ್.
ಒಂದೊಂದೂ ಸಣ್ಣದು. ಒಂದೊಂದೂ ನ್ಯಾಯವೇ.
ಮೀನು ಏಲಂ ಹಾಕುವ ಕಟ್ಟೆಯಿಂದ ಮೂರು ತೂಕದ ಯಂತ್ರ ತಂದು
ಮೂರು ಚಕ್ರದ ಅಡಿಗಿಟ್ಟು,
ಸೀಟಿನಲ್ಲಿ ಎಪ್ಪತ್ತು ಕಿಲೋ ಕುಚ್ಚಲಕ್ಕಿ ಕೂರಿಸಿ
ಬೆಲ್ಟು ಬಿಗಿದು ನೋಡಿದರೆ
ಬಾಲ ಭಾರ.
"ಕಡಲು ಸಾಲ ಕೊಡ್ತದೆ ಅಕ್ಕ," ಎಂದ ಕುಂಞಾಮು,
"ಗಾಳಿಯದ್ದು ನಗದು ವ್ಯಾಪಾರ."

ಮೆತ್ತೆ ಬಿಚ್ಚಿದೆ. ಪೈಪಿಂಗ್ ಸಮೇತ.
ಹಲಸು ಹೋಯಿತು. ಬ್ಯಾಟರಿ ಮೂಗಿನ ಹತ್ತಿರ ಬಂತು.
ಒಂದೇ ದಿನ ಎರಡು ಬದಲಿಸಬಾರದು ಎಂದು
ಆಚಾರಿ ಸೀಮೆಸುಣ್ಣದಲ್ಲಿ ಗೋಡೆಗೆ ಬರೆದ, ಕನ್ನಡದಲ್ಲಿ.
ಕೆಳಗೆ ಕುಂಞಾಮು ಮಲಯಾಳದಲ್ಲಿ.
ದೆಹಲಿಯಿಂದ ಬಂದ ಕಾಗದ ಎರಡರಲ್ಲೂ ಇರಲಿಲ್ಲ.

ಎಂಜಿನು ಹಚ್ಚಿದ ದಿನ ಬಲರೆಕ್ಕೆಯೊಳಗೆ
ಏನೋ ಉರುಳಿತು. ಟಿಣ್.
ಮೂರು ದಿನ ಹುಡುಕಿದರು.
ನಾನು ಶೆಡ್ಡಿಗೆ ಹೋಗಲಿಲ್ಲ, ಗಿರಾಕಿ ಹೆಚ್ಚು ಅಂದೆ.
ಬರಿಬೆರಳಲ್ಲಿ ಕಾಜಾ ಹೊಲಿಯುತ್ತಿದ್ದೆ.
ನಾಲ್ಕನೆಯ ದಿನ ಬ್ಲೇಡು ಹಿಡಿದು ಹೋಗಿ
ನನ್ನದೇ ಹೊಲಿಗೆಯ ಪಕ್ಕ ಅಂಗೈಯಗಲ ಕೊಯ್ದು
ಕೈ ಹಾಕಿದೆ.
ಯಾರೂ ನಗಲಿಲ್ಲ. ಅದೇ ಕಷ್ಟವಾದದ್ದು.

ಟೋಪಿಯ ಜೊತೆ ಇನ್ನೊಂದು ತಾಗಿತು ಬೆರಳಿಗೆ:
ರಾಟೆಯ ಹತ್ತಿರ ತಂತಿಯ ಒಂದು ಎಳೆ
ಕಡಿದು ಮುಳ್ಳಾಗಿತ್ತು.
ರಕ್ತ ಬಂದ ಬೆರಳನ್ನು ಕುಂಞಾಮು ನೋಡಿದ,
ನಾನು ಕೊಯ್ದ ತೂತನ್ನು ನೋಡಿದ,
ತುಂಬ ಹೊತ್ತು ಕೂತುಬಿಟ್ಟ.

ರವಕೆಯೊಳಗೆ ಒಂದಿಂಚು ಬಟ್ಟೆ ಬಿಡುತ್ತೇವೆ,
ನಾಳೆ ಮೈ ಬದಲಾದರೆ ಬಿಚ್ಚಲು.
ಅಷ್ಟು ತಿಳಿದವಳು ಇಲ್ಲಿ
ಮುಚ್ಚುವುದನ್ನೇ ಕೆಲಸ ಎಂದುಕೊಂಡಿದ್ದೆ.
ಈಗ ರೆಕ್ಕೆಗೆ ಮೂರು ಮೂರು ಕಿಟಕಿ, ತಿರುಪಿನ ಮುಚ್ಚಳ.
ಕೈ ಹೋಗದ ಜಾಗ ಯಾವುದೂ ಇಲ್ಲ.

ಬಾಯಾರು ಪದವು. ಡಿಸೆಂಬರಿನ ಬೆಳಗು.
ಮುರಕಲ್ಲಿನ ಬೋಳು ಬಯಲಲ್ಲಿ ಒಂದು ಬಿದಿರು,
ಅದರ ತುದಿಗೆ ಗಾಳಿ ನೋಡಲು ನನ್ನ ಹಳೆಯ ಲಂಗ,
ಸುಮ್ಮನೆ ಜೋತಿತ್ತು.
ವಿಮಾನ ಓಡಿತು. ನಾನು ಮೇಲೆ ನೋಡಲಿಲ್ಲ.
ನೆಲದ ಮೇಲೆ ಚಕ್ರಕ್ಕಂಟಿ ಓಡುತ್ತಿದ್ದ ನೆರಳು
ಒಮ್ಮೆಗೇ ಚಕ್ರ ಬಿಟ್ಟು ಪಕ್ಕಕ್ಕೆ ಸರಿಯಿತು,
ಗೇಣು, ಮಾರು, ಆಮೇಲೆ
ಬಯಲಿನ ಅಂಚಿನ ಮುಳಿಹುಲ್ಲು ಮುಟ್ಟಿ
ಮರಳಿ ಬಂದು ಚಕ್ರಕ್ಕೆ ಸೇರಿತು.

ಹೆಲ್ಮೆಟ್ಟು ತೆಗೆದ. ಕಣ್ಣು ಕೆಂಪಾಗಿತ್ತು.
ಹೇಗಿತ್ತು ಮಾರಾಯ, ಅಂದೆ.
"ಎಡಕ್ಕೆ ಎಳೀತದೆ ವಾರಿಜಕ್ಕ, ಸ್ವಲ್ಪ.
ಇಸ್ತ್ರಿ ಶೆಡ್ಡಿನಲ್ಲೇ ಉಂಟಲ್ಲ?"